ಪೆಡಲ್ ಇಲ್ಲದ ಸೀಟಲ್ಲಿ ಕೂರಬೇಕಾ?

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಕೆಲವು ವರ್ಷಗಳಿಂದ ಒಂದು ಕಾರ್ ಕ್ಲಬ್‌ನ ಟ್ರ್ಯಾಕ್ ದಿನಗಳಿಗೆ ಹೋಗುತ್ತಿದ್ದೇನೆ. ರೇಸ್ ಅಲ್ಲ, ಎಚ್‌ಪಿಡಿಇ ಅನ್ನುತ್ತಾರಲ್ಲ, ನಮ್ಮ ಕಾರನ್ನೇ ರೇಸ್ ಟ್ರ್ಯಾಕ್‌ಗೆ ಒಯ್ದು ವೇಗವಾಗಿ ಓಡಿಸಲು ಕಲಿಯುವುದು, ಅದು. ಈಗ ಮೇಲಿನ ಗುಂಪಿನಲ್ಲಿ ಇನ್‌ಸ್ಟ್ರಕ್ಟರ್ ಇಲ್ಲದೆ ಓಡಿಸುತ್ತೇನೆ. ನನ್ನ ಲ್ಯಾಪ್ ಟೈಮ್, ಅಂದರೆ ಒಂದು ಸುತ್ತಿಗೆ ಹಿಡಿಯುವ ಸಮಯ, ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿದೆ. ಮೊನ್ನೆ ಚೀಫ್ ಇನ್‌ಸ್ಟ್ರಕ್ಟರ್ ಕರೆದು, ಕಲಿಸುವವರು ಸಾಲುತ್ತಿಲ್ಲ, ನೀವೂ ಬನ್ನಿ ಅಂದರು. ಸಂಬಳ ಇಲ್ಲ, ಆದರೆ ನಾನು ಫೀಸ್ ಕಟ್ಟದೆ ಓಡಿಸಬಹುದು. ಹೆಂಡತಿಗೆ ಇದು ಸುತರಾಂ ಇಷ್ಟವಿಲ್ಲ. "ನೀವು ಓಡಿಸಿದರೆ ಸರಿ, ಗುರುತಿಲ್ಲದವರ ಪಕ್ಕ ಯಾಕೆ ಕೂರಬೇಕು?" ಅಂತಾಳೆ. ಇಬ್ಬರು ಸಣ್ಣ ಮಕ್ಕಳಿದ್ದಾರೆ. ಒಪ್ಪಿಕೊಳ್ಳಲೋ ಬೇಡವೋ? ಇನ್ನೊಂದು ಸಣ್ಣ ಪ್ರಶ್ನೆ: ನನ್ನ ಹೆಲ್ಮೆಟ್ ಎಸ್‌ಎ2015. ಅದು ನಡೆಯುತ್ತದಾ?

ಉತ್ತರ: ನಿಮ್ಮ ಪತ್ರದಲ್ಲಿ ಸರಿಯಾದ ಪ್ರಶ್ನೆ ಕೇಳಿರುವುದು ನಿಮ್ಮ ಹೆಂಡತಿ. ಗುರುತಿಲ್ಲದವರ ಪಕ್ಕ ಯಾಕೆ ಕೂರಬೇಕು? ಫೀಸ್ ಉಳಿಯುತ್ತದೆ ಅಂತ ಕೂರುವುದಾದರೆ ಬೇಡ. ದೊಡ್ಡವರು ಕರೆದಿದ್ದಾರೆ, ಇಲ್ಲ ಅನ್ನಲು ದಾಕ್ಷಿಣ್ಯ ಅಂತ ಕೂರುವುದಾದರೂ ಬೇಡ. ಇನ್ನೊಬ್ಬರು ತಡವರಿಸುತ್ತಾ ಓಡಿಸುವುದನ್ನು ದಿನವಿಡೀ ನೋಡುವುದು, ಅವರು ಎಲ್ಲಿ ಎಡವುತ್ತಿದ್ದಾರೆ ಅಂತ ಹುಡುಕುವುದು, ಅದನ್ನು ಅವರಿಗೆ ಅರ್ಥವಾಗುವ ಹಾಗೆ ಹೇಳುವುದು, ಇದರಲ್ಲಿ ನಿಮಗೆ ನಿಜವಾಗಿ ಆಸಕ್ತಿ ಇದ್ದರೆ ಮಾತ್ರ ಮುಂದಿನ ಯೋಚನೆ ಮಾಡಿ.

ನಾನು ವರ್ಷಗಟ್ಟಲೆ ಆ ಸೀಟಲ್ಲಿ ಕೂತವನು. ಅದನ್ನು ಬಿಡಬೇಕು ಅಂತ ಈಗಲೂ ಅನ್ನಿಸಿಲ್ಲ. ಆದರೂ ಕೇಳಿದವರಿಗೆಲ್ಲ "ಬನ್ನಿ ಬನ್ನಿ" ಅನ್ನುವುದಿಲ್ಲ. ಚೆನ್ನಾಗಿ ಓಡಿಸುವ ಬಹಳ ಜನ ಈ ಕೆಲಸಕ್ಕೆ ಹೊಂದುವುದಿಲ್ಲ. ಅದು ಅವರ ಕೊರತೆಯೇನೂ ಅಲ್ಲ, ಕೆಲಸವೇ ಬೇರೆ.

ಯಾಕೆ ಬೇರೆ ಅಂತ ಹೇಳುತ್ತೇನೆ. ಲೈಸೆನ್ಸ್‌ಗೆ ಕಲಿಸುವ ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಟ್ರ್ಯಾಕ್‌ನಲ್ಲಿ ಹಾಗಿಲ್ಲ. ಕಾರು ವಿದ್ಯಾರ್ಥಿಯದು, ಪೆಡಲ್‌ಗಳೆಲ್ಲ ಅವರ ಕಾಲ ಕೆಳಗೆ. ನಿಮ್ಮ ಹತ್ತಿರ ಇರುವುದು ಮಾತು ಮಾತ್ರ. ಕೈ ಚಾಚಿ ಸ್ಟೀರಿಂಗ್ ಹಿಡಿಯುವುದು ತೀರಾ ಕೊನೆಯ ಉಪಾಯ, ಅದರಿಂದ ಕೆಲವೊಮ್ಮೆ ಕೆಲಸ ಕೆಡುತ್ತದೆ ಕೂಡ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 160 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 44 ಮೀಟರ್ ಓಡುತ್ತದೆ. ಏನೋ ತಪ್ಪಾಗುತ್ತಿದೆ ಅಂತ ನಿಮಗೆ ಕಾಣಬೇಕು. ಏನು ಹೇಳಬೇಕು ಅಂತ ಹೊಳೆಯಬೇಕು. ಹೇಳಬೇಕು. ಅದು ವಿದ್ಯಾರ್ಥಿಯ ಕಿವಿಗೆ ಬಿದ್ದು, ತಲೆಗೆ ಹೋಗಿ, ಕಾಲಿಗೆ ಇಳಿಯಬೇಕು. ಇದಕ್ಕೆಲ್ಲ ಎರಡೇ ಸೆಕೆಂಡ್ ಅಂದುಕೊಂಡರೂ ಅಷ್ಟರಲ್ಲಿ ಸುಮಾರು 90 ಮೀಟರ್ ಹೋಯಿತು. ಒಳ್ಳೆಯ ಟೈರ್, ಒಣಗಿದ ಟ್ರ್ಯಾಕ್, ಪೂರ್ತಿ ಒತ್ತಿದ ಬ್ರೇಕ್ ಇದ್ದರೆ ಆ ವೇಗದಿಂದ ಕಾರು ನಿಲ್ಲಲು ಸುಮಾರು 100 ಮೀಟರ್ ಬೇಕು. ಅಂದರೆ ಮಾತಿಗೆ ಖರ್ಚಾಗುವ ದೂರವೂ ಬ್ರೇಕಿಗೆ ಬೇಕಾದ ದೂರವೂ ಹೆಚ್ಚು ಕಡಿಮೆ ಒಂದೇ. ತಪ್ಪು ಕಂಡ ಮೇಲೆ ಬಾಯಿ ತೆರೆಯುವ ಇನ್‌ಸ್ಟ್ರಕ್ಟರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತಪ್ಪು ಆಗುವ ಮುಂಚೆ, ಹಿಂದಿನ ತಿರುವಿನಲ್ಲೇ, ಈ ಮನುಷ್ಯ ಮುಂದಿನದರಲ್ಲಿ ಏನು ಮಾಡಬಹುದು ಅಂತ ನಿಮಗೆ ಅಂದಾಜಿರಬೇಕು.

ಅಂದಾಜು ಎಲ್ಲಿಂದ ಬರುತ್ತದೆ? ಟ್ರ್ಯಾಕ್ ನೋಡುವುದರಿಂದ ಅಲ್ಲ, ವಿದ್ಯಾರ್ಥಿಯನ್ನು ನೋಡುವುದರಿಂದ. ಸ್ಟೀರಿಂಗ್ ಹಿಡಿದ ಬೆರಳು ಬಿಳಿಚಿವೆಯಾ? ಹೆಲ್ಮೆಟ್ ತಿರುವಿನ ಕಡೆ ತಿರುಗುತ್ತಿದೆಯಾ ಅಥವಾ ಬಾನೆಟ್ ಮುಂದೆಯೇ ನೆಟ್ಟಿದೆಯಾ? ಕನ್ನಡಿ ನೋಡುತ್ತಿದ್ದಾರಾ? ಕಳೆದ ಲ್ಯಾಪ್‌ನಲ್ಲಿ ಕೈ ಬೀಸಿದ, ಬಾವುಟ ತೋರಿಸಿ ಎಚ್ಚರಿಸುವ ಫ್ಲ್ಯಾಗ್ ಸ್ಟೇಷನ್‌ನವರನ್ನು ಗಮನಿಸಿದರಾ? ನಾನು ಮೊದಲ ಸೆಷನ್‌ನಲ್ಲಿ ಲೈನ್, ಅಂದರೆ ತಿರುವಿನಲ್ಲಿ ಕಾರು ಹಿಡಿಯಬೇಕಾದ ದಾರಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಕಣ್ಣು ಎಲ್ಲಿದೆ ಅನ್ನುವುದನ್ನೇ ನೋಡುತ್ತೇನೆ. ಕಣ್ಣು ಹೋದ ಕಡೆ ಕೈ ಹೋಗುತ್ತದೆ, ಕೈ ಹೋದ ಕಡೆ ಕಾರು.

ಮಾತು ಹೇಗಿರಬೇಕು ಅನ್ನುವುದನ್ನು ನೀವು ಕಾರು ಹೊರಡುವ ಮುಂಚೆಯೇ ವಿದ್ಯಾರ್ಥಿಯ ಜೊತೆ ಗೊತ್ತು ಮಾಡಿಕೊಳ್ಳಬೇಕು. ನಾಲ್ಕೈದು ಸಣ್ಣ ಪದ ಸಾಕು. ಬ್ರೇಕ್ ಅಂದರೆ ಈಗಲೇ, ಗಟ್ಟಿಯಾಗಿ. ಸ್ಮೂತ್ ಅಂದರೆ ನಿಧಾನಕ್ಕೆ ಒತ್ತಿ. ಪಿಟ್ ಅಂದರೆ ಈ ಲ್ಯಾಪ್‌ನಲ್ಲೇ ಟ್ರ್ಯಾಕ್ ಬಿಟ್ಟು ಒಳಗೆ, ವಾದ ಆಮೇಲೆ. "ಅದನ್ನು ಮಾಡಬೇಡಿ" ಅನ್ನುವ ಮಾತು ಟ್ರ್ಯಾಕ್‌ನಲ್ಲಿ ಕೆಲಸಕ್ಕೆ ಬಾರದು, ಬದಲಿಗೆ ಏನು ಮಾಡಬೇಕು ಅಂತ ಹುಡುಕಲು ಅವರಿಗೆ ಪುರುಸೊತ್ತಿಲ್ಲ. ಬೇಕಾದದ್ದನ್ನೇ ಹೇಳಬೇಕು. ಎಕ್ಸಿಟ್ (ತಿರುವು ಮುಗಿಯುವ ಜಾಗ) ನೋಡಿ. ಕಾಲು ಹಾಗೇ ಇರಲಿ. ಕೈ ನೇರ ಮಾಡಿ.

ಇಲ್ಲಿ ಒಂದು ಉದಾಹರಣೆ ಕೊಡದೆ ಮುಂದೆ ಹೋಗಲಾರೆ. ಇಡೀ ಕೆಲಸದ ಕಷ್ಟ ಇದರಲ್ಲಿದೆ. ವಿದ್ಯಾರ್ಥಿ ತಿರುವಿಗೆ ಸ್ವಲ್ಪ ಜಾಸ್ತಿ ವೇಗದಲ್ಲಿ ಬಂದರು ಅನ್ನಿ. ಈಗಾಗಲೇ ಸ್ಟೀರಿಂಗ್ ತಿರುಗಿಸಿಯಾಗಿದೆ. ನಿಮಗೆ ಜೀವ ಬಾಯಿಗೆ ಬಂತು. "ನಿಧಾನ!" ಅಂತ ಕೂಗುತ್ತೀರಿ. ಅವರು ಹೆದರಿ ಆಕ್ಸಿಲರೇಟರ್‌ನಿಂದ ಪಟ್ಟನೆ ಕಾಲು ತೆಗೆಯುತ್ತಾರೆ. ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಟೈರ್ ಹಗುರವಾಗಿ ಹಿಡಿತ ಬಿಡುತ್ತದೆ, ಬಾಲ ಹೊರಗೆ ಬೀಸುತ್ತದೆ. ಆ ಸ್ಪಿನ್ ಮಾಡಿಸಿದ್ದು ವಿದ್ಯಾರ್ಥಿಯಲ್ಲ, ನಿಮ್ಮ ಕೂಗು. ಆ ಹೊತ್ತಿಗೆ ಬೇಕಾದದ್ದು ತಣ್ಣಗಿನ ಧ್ವನಿ: ಮುಂದೆ ನೋಡಿ, ಕಾಲು ಅಲ್ಲೇ ಇರಲಿ, ತಿರುಗಿಸುತ್ತಾ ಇರಿ. ಬಹಳ ಸಲ ಕಾರು ತಿರುಗಿಯೇ ತಿರುಗುತ್ತದೆ. ಡ್ರೈವರ್ ಅಂದುಕೊಂಡಿದ್ದಕ್ಕಿಂತ ಟೈರ್‌ಗೆ ಹಿಡಿತ ಜಾಸ್ತಿ ಇರುತ್ತದೆ.

ಎಕ್ಸಿಟ್‌ನಲ್ಲೂ ಇಂಥದ್ದೇ ಒಂದು ಅಪಾಯ ಇದೆ. ಎರಡು ಚಕ್ರ ಹುಲ್ಲಿಗೆ ಇಳಿಯುತ್ತವೆ. ತಪ್ಪು ಮುಚ್ಚಿಕೊಳ್ಳುವ ಆತುರದಲ್ಲಿ ವಿದ್ಯಾರ್ಥಿ ಸ್ಟೀರಿಂಗ್ ಒಳಕ್ಕೆ ಎಳೆಯುತ್ತಾರೆ. ಹುಲ್ಲಿನ ಮೇಲೆ ಏನೂ ಆಗುವುದಿಲ್ಲ. ಮುಂದಿನ ಟೈರ್ ಟಾರಿಗೆ ಹತ್ತಿದ ಕೂಡಲೇ ಕಚ್ಚಿಕೊಂಡು ಕಾರು ಟ್ರ್ಯಾಕ್‌ನ ಆಚೆ ಬದಿಗೆ, ಗೋಡೆ ಇರುವ ಕಡೆಗೆ ನುಗ್ಗುತ್ತದೆ. ನೇರವಾಗಿ ಹೊರಗೆ ಹೋಗಿದ್ದರೆ ಸ್ವಲ್ಪ ಮಣ್ಣು ಮೆತ್ತಿಕೊಂಡು ಮುಗಿಯುತ್ತಿತ್ತು. "ಹೊರಗೆ ಹೋದರೆ ಹೋಗಲಿ, ಕೈ ನೇರ" ಅನ್ನುವುದನ್ನು ಕಾರು ಹೊರಡುವ ಮುಂಚೆಯೇ ಎರಡು ಸಲ ಹೇಳಿಸಿ. ಸ್ಪಿನ್ ಆದರೆ ಎರಡೂ ಕಾಲು ಒಳಗೆ, ಅಂದರೆ ಕ್ಲಚ್ ಮತ್ತು ಬ್ರೇಕ್ ಎರಡನ್ನೂ ಒತ್ತಬೇಕು ಅನ್ನುವುದನ್ನೂ ಅವರ ಬಾಯಲ್ಲೇ ಹೇಳಿಸಿ.

ಇನ್ನು ನಿಮ್ಮ ಲ್ಯಾಪ್ ಟೈಮ್. ಪತ್ರದಲ್ಲಿ ಅದನ್ನು ಹೇಳಿದ್ದೀರಿ, ಕಲಿಸಿದ ಅನುಭವದ ಬಗ್ಗೆ ಒಂದು ಸಾಲೂ ಇಲ್ಲ. ಸುಮ್ನೆ ಗಮನಕ್ಕೆ ತಂದೆ. ವೇಗವಾಗಿ ಓಡಿಸುವವರಿಗೆ ಒಂದು ತೊಡಕಿದೆ. ಓಡಿಸಿ ಓಡಿಸಿ ಎಲ್ಲವೂ ಕೈಕಾಲಿಗೆ ಅಂಟಿರುತ್ತದೆ. ಎಲ್ಲಿ ಬ್ರೇಕ್ ಹಾಕುತ್ತೀರಿ ಅಂತ ಕೇಳಿದರೆ "ಅಲ್ಲೇ ಎಲ್ಲೋ" ಅನ್ನುತ್ತಾರೆ. ಹೊಸಬರಿಗೆ ಅದು ಉಪಯೋಗವಿಲ್ಲ. ಮುಂದಿನ ಸಲ ಟ್ರ್ಯಾಕ್‌ಗೆ ಹೋದಾಗ ಒಂದು ಸೆಷನ್ ಪೂರ್ತಿ ನೀವು ಮಾಡುವುದನ್ನೆಲ್ಲ ಜೋರಾಗಿ ಹೇಳುತ್ತಾ ಓಡಿಸಿ, ರೆಕಾರ್ಡ್ ಮಾಡಿ. ಬ್ರೇಕ್ ಎಲ್ಲಿ, ಟರ್ನ್ ಇನ್ (ಸ್ಟೀರಿಂಗ್ ತಿರುಗಿಸಲು ಶುರು ಮಾಡುವ ಜಾಗ) ಎಲ್ಲಿ, ಎಪೆಕ್ಸ್ (ತಿರುವಿನ ಒಳ ಅಂಚಿಗೆ ತಾಗುವ ಜಾಗ) ಎಲ್ಲಿ, ಕಣ್ಣು ಎಲ್ಲಿ, ಪ್ರತಿ ಫ್ಲ್ಯಾಗ್ ಸ್ಟೇಷನ್ ಬಂದಾಗ ಅದರ ಹೆಸರು. ಮನೆಗೆ ಬಂದು ಕೇಳಿ. ಮಾತು ಕಾರಿಗಿಂತ ಹಿಂದೆ ಬಿದ್ದಿದ್ದರೆ, ಅಂದರೆ ತಿರುವು ಮುಗಿದ ಮೇಲೆ ತಿರುವಿನ ಬಗ್ಗೆ ಹೇಳಿದ್ದರೆ, ಇನ್ನೂ ಅಭ್ಯಾಸ ಬೇಕು. ಮಾತು ಯಾವಾಗಲೂ ಕಾರಿಗಿಂತ ಮುಂದಿದ್ದರೆ ಒಳ್ಳೆಯ ಗುರುತು. ಮಾತಾಡುವಾಗ ನಿಮ್ಮ ವೇಗ ಕಮ್ಮಿಯಾಗುತ್ತದೆ, ಅದಕ್ಕೆ ಬೇಜಾರು ಬೇಡ. ವಿದ್ಯಾರ್ಥಿಯನ್ನು ಕೂರಿಸಿಕೊಂಡು ತೋರಿಸುವ ಲ್ಯಾಪ್‌ಗಳೂ ಆ ವೇಗದಲ್ಲೇ ಇರಬೇಕು. ಪಕ್ಕದವರು ಕಿರುಚುವ ಹಾಗೆ ಓಡಿಸಿ ತೋರಿಸುವ ಇನ್‌ಸ್ಟ್ರಕ್ಟರ್‌ಗಳೂ ಇದ್ದಾರೆ. ಅದರಿಂದ ಯಾರೂ ಏನೂ ಕಲಿಯುವುದಿಲ್ಲ.

ವಿದ್ಯಾರ್ಥಿಗಳ ವಿಷಯಕ್ಕೆ ಬರೋಣ. ಮೊದಲ ಸಲ ಬಂದವರನ್ನು ಕಂಡರೆ ಹೆದರಬೇಕು ಅಂತ ನೀವು ಅಂದುಕೊಂಡಿರಬಹುದು. ನಿಜವಾಗಿ ಅವರು ಮೊದಲ ಸೆಷನ್‌ನಲ್ಲಿ ತುಂಬಾ ಹುಷಾರಾಗಿರುತ್ತಾರೆ. ಅಪಾಯ ಬರುವುದು ಮಧ್ಯಾಹ್ನದ ಮೇಲೆ. ಲೈನ್ ಸ್ವಲ್ಪ ಗೊತ್ತಾಗಿದೆ, ಭಯ ಬಿಟ್ಟಿದೆ, ಸುಸ್ತೂ ಆಗಿದೆ, ಆದರೆ ಸುಸ್ತಾಗಿದ್ದು ಅವರಿಗೆ ತಿಳಿದಿಲ್ಲ. ಎರಡು ದಿನದ ಕಾರ್ಯಕ್ರಮವಾದರೆ ಎರಡನೇ ದಿನ ಮಧ್ಯಾಹ್ನ. ಆಗ ನೀವು ಬೆಳಗಿನ ಸಲಿಗೆಯಲ್ಲಿ ಮೈಮರೆತು ಕೂತಿರಬಾರದು.

ಕಾರುಗಳೂ ಬದಲಾಗಿವೆ. ಹೊಸಬರು ಹಿಂದೆ ಸಣ್ಣ, ಹಗುರ ಕಾರಿನಲ್ಲಿ ಬರುತ್ತಿದ್ದರು. ಈಗ ಮೊದಲ ದಿನವೇ 500 ಹಾರ್ಸ್‌ಪವರ್ ಕಾರು ತರುವವರಿದ್ದಾರೆ. ಕಾರು ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಅವರ ತಪ್ಪುಗಳನ್ನೆಲ್ಲ ಸದ್ದಿಲ್ಲದೆ ತಿದ್ದುತ್ತಿರುತ್ತದೆ, ಅವರು ತಾವೇ ಚೆನ್ನಾಗಿ ಓಡಿಸುತ್ತಿದ್ದೇವೆ ಅಂತ ನಂಬಿರುತ್ತಾರೆ. ಡ್ಯಾಶ್‌ಬೋರ್ಡ್‌ನಲ್ಲಿ ಆ ಹಳದಿ ದೀಪ ಮಿನುಗುವುದನ್ನು ಲೆಕ್ಕ ಇಡುವುದು ನಿಮ್ಮ ಕೆಲಸ. ಅದು ಮಿನುಗುವುದು ನಿಲ್ಲುವ ತನಕ ಸಿಸ್ಟಮ್ ಆಫ್ ಮಾಡುವ ಮಾತೇ ಬೇಡ. ಎಲೆಕ್ಟ್ರಿಕ್ ಕಾರು ಇನ್ನೊಂದು ಥರ. ಎಷ್ಟೋ ಕಾರುಗಳ ತೂಕ 2 ಟನ್ ದಾಟುತ್ತದೆ, ಎಂಜಿನ್ ಸದ್ದಿಲ್ಲ, ಆದ್ದರಿಂದ ವೇಗ ಏರಿದ್ದು ಕಿವಿಗೆ ಗೊತ್ತಾಗುವುದಿಲ್ಲ. ವೇಗ ಗಂಟೆಗೆ 120ರಿಂದ 160 ಕಿ.ಮೀ.ಗೆ ಏರಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಏರುತ್ತದೆ, ಅದರ ಮೇಲೆ ಈ ತೂಕ. ಪೆಡಲ್ ಮೆತ್ತಗಾಯಿತು ಅಂತ ವಿದ್ಯಾರ್ಥಿ ಹೇಳುವವರೆಗೆ ಕಾಯಬೇಡಿ, ಪ್ರತಿ ಲ್ಯಾಪ್ ಕೇಳುತ್ತಾ ಇರಿ. ಡಾಟ್ 4 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಬದಲಿಸದ ಆಯಿಲ್ ಟ್ರ್ಯಾಕ್‌ನಲ್ಲಿ ಬೇಗ ಕುದಿಯುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಕೊನೆಯ ಸಲ ಯಾವಾಗ ಬದಲಿಸಿದಿರಿ ಅಂತ ಬೆಳಿಗ್ಗೆಯೇ ಕೇಳಿ. ಉತ್ತರ ತೊದಲಿದರೆ ಅರ್ಥ ಮಾಡಿಕೊಳ್ಳಿ.

ಮುಲಾಜಿನ ಪ್ರಶ್ನೆ ಒಂದಿದೆ. ನಿಮಗಿಂತ ವಯಸ್ಸಿನಲ್ಲಿ ದೊಡ್ಡವರು, ನಿಮ್ಮ ಕಾರಿಗಿಂತ ಎಷ್ಟೋ ಪಟ್ಟು ದುಬಾರಿ ಕಾರು, ಮಾತು ಕೇಳುತ್ತಿಲ್ಲ. ಎರಡು ಸಲ ಹೇಳಿದಿರಿ. ಮೂರನೇ ಸಲ "ಪಿಟ್" ಅಂದು, ಒಳಗೆ ಬಂದ ಮೇಲೆ ಬೆಲ್ಟ್ ಬಿಚ್ಚಿ ಇಳಿಯಲು ನಿಮಗೆ ಆಗುತ್ತದಾ? ಆಗಲೇಬೇಕು. ಒಳ್ಳೆಯ ಕ್ಲಬ್ ಆದರೆ ಚೀಫ್ ಇನ್‌ಸ್ಟ್ರಕ್ಟರ್ ಒಂದೂ ಪ್ರಶ್ನೆ ಕೇಳದೆ ನಿಮ್ಮ ಪರ ನಿಲ್ಲುತ್ತಾರೆ. ಆದರೆ ಇಳಿಯುವುದು ನೀವೇ. ಎದುರಿಗಿರುವವರಿಗೆ ಬೇಸರವಾದೀತು ಅಂತ ಒಂದು ಲ್ಯಾಪ್ ಹೆಚ್ಚಿಗೆ ಕೂರುವವರು ಈ ಕೆಲಸಕ್ಕೆ ಬರಬಾರದು. ನಮ್ಮಲ್ಲಿ ಬಹಳ ಜನರಿಗೆ ಲೈನ್ ಕಲಿಸುವುದಕ್ಕಿಂತ ಇದೇ ಕಷ್ಟ.

ಈಗ ಅಪಾಯ. ಹೆಂಡತಿಯ ಮುಂದೆ ಇದನ್ನು ಕಮ್ಮಿ ಮಾಡಿ ಹೇಳಬೇಡಿ. 2013ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರೇಸ್‌ವೇಯಲ್ಲಿ ಬ್ರಿಟನ್‌ನ ರೇಸರ್ ಶಾನ್ ಎಡ್ವರ್ಡ್ಸ್ ತೀರಿಕೊಂಡರು. ಆ ವರ್ಷದ ಪೋರ್ಷೆ ಸೂಪರ್‌ಕಪ್ ರೇಸ್ ಸರಣಿಯಲ್ಲಿ ಅವರೇ ಮುಂದಿದ್ದರು. ಅವರು ಓಡಿಸುತ್ತಿರಲಿಲ್ಲ. ಪಕ್ಕದ ಸೀಟಲ್ಲಿ ಕೂತು ಕಲಿಸುತ್ತಿದ್ದರು. ಅಷ್ಟು ಕೈ ಪಳಗಿದವರಿಗೂ ಆ ಸೀಟಲ್ಲಿ ಕಾಲ ಕೆಳಗೆ ಏನೂ ಇರುವುದಿಲ್ಲ. ಆ ಸಾವಿನ ನಂತರ ಇನ್‌ಸ್ಟ್ರಕ್ಟರ್‌ಗಳ ಸುರಕ್ಷತೆ ಬಗ್ಗೆ ಮಾತು ಗಂಭೀರವಾಯಿತು. ಈಗ ಅಮೆರಿಕದಲ್ಲಿ ಮೋಟಾರ್‌ಸ್ಪೋರ್ಟ್ ಸೇಫ್ಟಿ ಫೌಂಡೇಶನ್ ಇನ್‌ಸ್ಟ್ರಕ್ಟರ್‌ಗಳಿಗೆ ಹಂತ ಹಂತದ ತರಬೇತಿ ಮತ್ತು ಪ್ರಮಾಣಪತ್ರದ ವ್ಯವಸ್ಥೆ ನಡೆಸುತ್ತದೆ. ಮೊದಲ ಹಂತ ಆನ್‌ಲೈನ್‌ನಲ್ಲಿ ಮುಗಿಯುತ್ತದೆ. ನೀವು ಇನ್ನೂ ಮನಸ್ಸು ಮಾಡದೇ ಇರುವಾಗಲೂ ಅದನ್ನು ಓದಬಹುದು, ಓದಿ.

ಕಾರು ಹತ್ತುವ ಮುಂಚೆ ನೋಡಬೇಕಾದದ್ದರಲ್ಲಿ ಸೀಟ್ ಬೆಲ್ಟ್ ಮೊದಲು. ಪೋರ್ಷೆ ಕ್ಲಬ್ ಆಫ್ ಅಮೆರಿಕ, ಬಿಎಂಡಬ್ಲ್ಯು ಕಾರ್ ಕ್ಲಬ್ ಆಫ್ ಅಮೆರಿಕ ಮುಂತಾದ ಕಡೆ ನಿಯಮ ಸ್ಪಷ್ಟವಾಗಿದೆ: ಡ್ರೈವರ್‌ಗೆ ಯಾವ ಬೆಲ್ಟೋ ಪಕ್ಕದವರಿಗೂ ಅದೇ ಮಟ್ಟದ್ದು ಇರಬೇಕು. ತನಗೆ ರೇಸಿಂಗ್ ಸೀಟು, ಆರು ಪಾಯಿಂಟ್ ಹಾರ್ನೆಸ್ (ಆರು ಕಡೆ ಬಿಗಿಯುವ ರೇಸ್ ಬೆಲ್ಟ್), ನಿಮಗೆ ಕಂಪನಿ ಕೊಟ್ಟ ಬೆಲ್ಟ್ ಅಂದರೆ ಹತ್ತಬೇಡಿ. ಹಾರ್ನೆಸ್ ಇದ್ದರೆ ಕುತ್ತಿಗೆಗೆ ಹಾನ್ಸ್‌ನಂಥ, ಹೆಲ್ಮೆಟ್ ಮುಂದಕ್ಕೆ ಚಿಮ್ಮದಂತೆ ಹಿಡಿದಿಡುವ ಸಾಧನ ಇರಲೇಬೇಕು. ಅದಿಲ್ಲದಿದ್ದರೆ ಹಾರ್ನೆಸ್ ಎದೆಯನ್ನು ಗಟ್ಟಿ ಹಿಡಿಯುತ್ತದೆ, ಹೆಲ್ಮೆಟ್ ಹಾಕಿದ ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತದೆ, ತಲೆಬುರುಡೆಯ ಬುಡಕ್ಕೆ ಪೆಟ್ಟು ಬೀಳುತ್ತದೆ. 2001ರಲ್ಲಿ ಡೇಟೋನಾ ಟ್ರ್ಯಾಕ್‌ನಲ್ಲಿ ಅಮೆರಿಕದ ರೇಸರ್ ಡೇಲ್ ಅರ್ನ್‌ಹಾರ್ಟ್ ಸತ್ತದ್ದು ಇಂಥ ಪೆಟ್ಟಿನಿಂದಲೇ. ಅದೇ ವರ್ಷದ ಕೊನೆಯ ಹೊತ್ತಿಗೆ ಆ ರೇಸ್ ನಡೆಸುವ ನಾಸ್ಕಾರ್ ಸಂಸ್ಥೆ ಅಂಥ ಸಾಧನವನ್ನು ಕಡ್ಡಾಯ ಮಾಡಿತು. ಮೇಲ್ಛಾವಣಿ ತೆರೆಯುವ ಕಾರಾದರೆ ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯುವ ಕಂಬಿ) ಇದೆಯಾ, ಅದು ನಿಮ್ಮ ಹೆಲ್ಮೆಟ್‌ಗಿಂತ ಎತ್ತರ ಇದೆಯಾ ಅಂತ ಕೂತು ನೋಡಿ. ಡ್ರೈವರ್ ಕುಳ್ಳಗಿದ್ದು ನೀವು ಎತ್ತರ ಇದ್ದರೆ ಅವರಿಗೆ ಸರಿಯಾದದ್ದು ನಿಮಗೆ ಸಾಲದು.

ತಾಂತ್ರಿಕ ತಪಾಸಣೆ ಮಾಡಿ ಸ್ಟಿಕರ್ ಅಂಟಿಸಿರುತ್ತಾರೆ, ನಿಜ. ಆದರೂ ನಾನು ಕಾಲ ಕೆಳಗಿನ ಮ್ಯಾಟ್, ಸೀಟಿನ ಕೆಳಗೆ ಉರುಳುವ ನೀರಿನ ಬಾಟಲಿ, ಟೈರ್‌ಗಳ ಒಳ ಅಂಚು, ಇಷ್ಟನ್ನು ನಾನೇ ನೋಡುತ್ತೇನೆ. ಎರಡು ನಿಮಿಷದ ಕೆಲಸ.

ಕಾನೂನು ಮತ್ತು ಇನ್ಶೂರೆನ್ಸ್ ಬಗ್ಗೆ ಬೇಸರ ಮಾಡಿಕೊಳ್ಳದೆ ಓದಿ. ಏನಾದರೂ ಆದರೆ ಕೇಸು ಹಾಕುವುದಿಲ್ಲ ಅಂತ ಬೆಳಿಗ್ಗೆ ಗೇಟಿನಲ್ಲಿ ಸಹಿ ಮಾಡುವ ಕಾಗದ ಎಲ್ಲವನ್ನೂ ಮುಚ್ಚುತ್ತದೆ ಅಂತ ಟ್ರ್ಯಾಕ್‌ನಲ್ಲಿ ಬಹಳ ಜನ ನಂಬಿದ್ದಾರೆ. 2005ರಲ್ಲಿ ಕ್ಯಾಲಿಫೋರ್ನಿಯಾ ಸ್ಪೀಡ್‌ವೇಯಲ್ಲಿ ಇಂಥದ್ದೇ ಒಂದು ದಿನ ಪೋರ್ಷೆ ಕರೇರಾ ಜಿಟಿ ಗೋಡೆಗೆ ಬಡಿದು ಡ್ರೈವರ್, ಪಕ್ಕದಲ್ಲಿ ಕೂತವರು ಇಬ್ಬರೂ ಸತ್ತರು. ಕಾಗದಕ್ಕೆ ಸಹಿ ಆಗಿತ್ತು. ಆದರೂ ಪಕ್ಕದಲ್ಲಿದ್ದವರ ಕುಟುಂಬ ಟ್ರ್ಯಾಕ್, ಆಯೋಜಕರು, ಕಾರು ಕಂಪನಿ ಸೇರಿ ಹಲವರ ಮೇಲೆ ಕೇಸು ಹಾಕಿತು. ಕೊನೆಗೆ ಸುಮಾರು 45 ಲಕ್ಷ ಡಾಲರ್‌ಗೆ ರಾಜಿಯಾಯಿತು. ಸಾಮಾನ್ಯ ಅಜಾಗರೂಕತೆಯ ಕೇಸನ್ನು ಆ ಕಾಗದ ಎಷ್ಟೋ ರಾಜ್ಯಗಳಲ್ಲಿ ತಡೆಯಬಹುದು, ಘೋರ ಅಜಾಗರೂಕತೆಯ ಕೇಸನ್ನು ಸಾಮಾನ್ಯವಾಗಿ ತಡೆಯುವುದಿಲ್ಲ.

"ನಾನು ಬರೀ ಸ್ವಯಂಸೇವಕ, ನನಗೇನು?" ಅನ್ನುವಂತೆಯೂ ಇಲ್ಲ. ಅಮೆರಿಕದಲ್ಲಿ ಸ್ವಯಂಸೇವಕರನ್ನು ಕಾಪಾಡುವ 1997ರ ಫೆಡರಲ್ ಕಾನೂನು ಇದೆ. ಅದು ಅನ್ವಯಿಸುವುದು ಲಾಭಕ್ಕಲ್ಲದ ಸಂಸ್ಥೆಗಳ ಮತ್ತು ಸರ್ಕಾರದ ಸ್ವಯಂಸೇವಕರಿಗೆ. ಟ್ರ್ಯಾಕ್ ದಿನ ನಡೆಸುವವರಲ್ಲಿ ವ್ಯಾಪಾರಕ್ಕೆ ನಡೆಸುವವರೂ ಇದ್ದಾರೆ, ಅಲ್ವಾ? ಜೊತೆಗೆ, ಸಂಬಳದ ಬದಲು ವರ್ಷಕ್ಕೆ 500 ಡಾಲರ್‌ಗಿಂತ ಹೆಚ್ಚು ಬೆಲೆಯದ್ದೇನಾದರೂ ಪಡೆದವರು ಆ ಕಾನೂನಿನ ಪ್ರಕಾರ ಸ್ವಯಂಸೇವಕರಲ್ಲ. ಫೀಸ್ ಇಲ್ಲದೆ ಓಡಿಸಲು ಬಿಡುವುದು ಆ ಲೆಕ್ಕಕ್ಕೆ ಬರುತ್ತದಾ ಅನ್ನುವುದನ್ನು ನಿಮ್ಮ ರಾಜ್ಯದ ವಕೀಲರ ಹತ್ತಿರ ಒಮ್ಮೆ ಕೇಳಿ. ಕ್ಲಬ್‌ನ ಲಯಬಿಲಿಟಿ ಇನ್ಶೂರೆನ್ಸ್‌ನಲ್ಲಿ ಇನ್‌ಸ್ಟ್ರಕ್ಟರ್‌ಗಳ ಹೆಸರು ಸೇರಿದೆಯಾ ಅಂತ ಕ್ಲಬ್‌ಗೆ ಬರಹದಲ್ಲಿ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕ್ಲಬ್ ಆದರೆ ನಿಮ್ಮ ತೀರ್ಮಾನ ಸುಲಭವಾಯಿತು. ಕಡೆಯದಾಗಿ ನಿಮ್ಮದೇ ಜೀವವಿಮೆ ಮತ್ತು ಅಂಗವೈಕಲ್ಯದ ವಿಮೆ. ಮೋಟಾರ್‌ಸ್ಪೋರ್ಟ್ ಹೊರತುಪಡಿಸಿ ಅನ್ನುವ ಸಾಲು ಇದೆಯಾ, ಅರ್ಜಿಯಲ್ಲಿ ಆ ಪ್ರಶ್ನೆಗೆ ನೀವು ಏನು ಉತ್ತರ ಕೊಟ್ಟಿದ್ದಿರಿ, ಎರಡನ್ನೂ ತೆಗೆದು ನೋಡಿ.

ಈ ಕಾಗದಗಳನ್ನೆಲ್ಲ ಹೆಂಡತಿಯ ಜೊತೆ ಕೂತು ನೋಡಿ. "ಏನೂ ಆಗಲ್ಲ ಬಿಡು" ಅನ್ನಬೇಡಿ, ಅವರು ಅದನ್ನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಎಂಥ ಕಾರು ಹತ್ತುವುದಿಲ್ಲ, ಯಾವಾಗ ಇಳಿದುಬಿಡುತ್ತೀರಿ ಅನ್ನುವುದನ್ನು ಹೇಳಿ. ಮಕ್ಕಳು ದೊಡ್ಡವರಾಗುವ ತನಕ ಬೇಡ ಅಂತ ಇಬ್ಬರೂ ಸೇರಿ ತೀರ್ಮಾನಿಸಿದರೆ ಅದರಲ್ಲಿ ನಾಚಿಕೆಯ ಮಾತಿಲ್ಲ. ಕ್ಲಬ್ ಎಲ್ಲಿಗೂ ಹೋಗುವುದಿಲ್ಲ.

ದಿನ ಹೇಗಿರುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಫೀಸ್ ಉಳಿಯುವ ಲೆಕ್ಕ ಇಲ್ಲಿ ಕರಗುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಇನ್‌ಸ್ಟ್ರಕ್ಟರ್‌ಗಳ ಮೀಟಿಂಗ್. ಆಮೇಲೆ ವಿದ್ಯಾರ್ಥಿಯನ್ನು ಹುಡುಕಿ ಮಾತಾಡಿಸಬೇಕು. ಇಪ್ಪತ್ತು ನಿಮಿಷದ ಒಂದೊಂದು ಸೆಷನ್, ಅದರ ಹಿಂದೆ ಮುಂದೆ ಮಾತು. ಇಬ್ಬರು ವಿದ್ಯಾರ್ಥಿಗಳಿದ್ದರೆ ಉಸಿರಾಡಲು ಬಿಡುವಿಲ್ಲ. ನಿಮ್ಮ ಸೆಷನ್ ಬರುವ ಹೊತ್ತಿಗೆ ನಿಮ್ಮ ಟೈರ್ ಪ್ರೆಶರ್ ನೋಡಲೂ ಸಮಯ ಇರುವುದಿಲ್ಲ. ಸುಸ್ತಾಗಿ ತಮ್ಮ ಸೆಷನ್ ಬಿಟ್ಟು ನೆರಳಲ್ಲಿ ಕೂರುವ ಇನ್‌ಸ್ಟ್ರಕ್ಟರ್‌ಗಳನ್ನು ನೀವೂ ನೋಡಿರುತ್ತೀರಿ. ಸುಸ್ತಾದಾಗ ಹಾಗೆ ಕೂರುವುದೇ ಸರಿ. ಇನ್ನೊಂದು, ಯಾರೂ ಹೇಳದ ವಿಷಯ: ವಾಂತಿ. ಸ್ವಂತ ಡ್ರೈವಿಂಗ್‌ನಲ್ಲಿ ಎಂದೂ ತಲೆ ಸುತ್ತದವರಿಗೂ ಪಕ್ಕದ ಸೀಟಲ್ಲಿ ಹೊಟ್ಟೆ ತೊಳಸುತ್ತದೆ. ಕಾರು ಯಾವಾಗ ಎತ್ತ ವಾಲುತ್ತದೆ ಅಂತ ನಿಮ್ಮ ಮೈಗೆ ಮುಂಚೆ ಗೊತ್ತಿರುವುದಿಲ್ಲವಲ್ಲ. ಕೆಲವರಿಗೆ ಅಭ್ಯಾಸವಾಗುತ್ತದೆ, ಕೆಲವರಿಗೆ ಕೊನೆಗೂ ಆಗುವುದಿಲ್ಲ. ಆಗದಿದ್ದರೆ ಬಿಡಬೇಕು. ತಲೆ ಸುತ್ತುತ್ತಿರುವವರು ಮುಂದಿನ ತಿರುವನ್ನು ಊಹಿಸಲಾರರು.

ಹಾಗಾದರೆ ಲಾಭ ಏನು? ಇದೆ. ನಿಮ್ಮ ಡ್ರೈವಿಂಗ್ ಸುಧಾರಿಸುತ್ತದೆ, ನೀವು ಅಂದುಕೊಳ್ಳದ ಕಡೆಯಿಂದ. ಬೇರೆಯವರ ಕಣ್ಣು, ಕೈ, ಕಾಲು ನೋಡಿ ನೋಡಿ ನಿಮ್ಮವು ಏನು ಮಾಡುತ್ತಿವೆ ಅನ್ನುವುದು ಮೊದಲ ಸಲ ಗೊತ್ತಾಗುತ್ತದೆ. ಎಂಜಿನ್ ಮುಂದಿನ ಚಕ್ರ ತಿರುಗಿಸುವ ಕಾರು, ಹಿಂದಿನ ಚಕ್ರ ತಿರುಗಿಸುವ ಕಾರು, ಎಂಜಿನ್ ನಡುವೆ ಇರುವ ಕಾರು, ಒಂದೇ ತಿರುವಿನಲ್ಲಿ ಇವು ಬೇರೆ ಬೇರೆಯಾಗಿ ನಡೆದುಕೊಳ್ಳುವುದನ್ನು ಮೈಯಲ್ಲೇ ಅನುಭವಿಸುತ್ತೀರಿ. ಮತ್ತೆ, ಬೆಳಿಗ್ಗೆ ಸ್ಟೀರಿಂಗ್‌ಗೆ ನೇತುಬಿದ್ದಿದ್ದವರು ಸಂಜೆ ಹೊತ್ತಿಗೆ ಒಂದು ತಿರುವನ್ನು ತಾವೇ ಸರಿಯಾಗಿ ಮಾಡಿ ಹೆಲ್ಮೆಟ್ ಒಳಗೇ ನಗುತ್ತಾರಲ್ಲ, ನನ್ನಂಥವರು ವಾಪಸ್ ಹೋಗುವುದು ಅದಕ್ಕೇ.

ನೀವು ಮಾಡಬೇಕಾದದ್ದು ಇಷ್ಟು. ಚೀಫ್ ಇನ್‌ಸ್ಟ್ರಕ್ಟರ್‌ಗೆ ಈಗಲೇ ಹೌದು ಅನ್ನಬೇಡಿ, ಇಲ್ಲ ಅಂತಲೂ ಅನ್ನಬೇಡಿ. ಮುಂದಿನ ಕಾರ್ಯಕ್ರಮದಲ್ಲಿ ಅನುಭವಿ ಇನ್‌ಸ್ಟ್ರಕ್ಟರ್ ಒಬ್ಬರಿಗೆ ನೆರಳಾಗಿ ಇರುತ್ತೇನೆ ಅನ್ನಿ. ಅವರು ವಿದ್ಯಾರ್ಥಿಯ ಜೊತೆ ಕಾರಿನ ಹೊರಗೆ ಆಡುವ ಮಾತು ಕೇಳಿಸಿಕೊಳ್ಳಿ, ಕಾರಿನಲ್ಲಿ ಹಿಂದಿನ ಸೀಟು ಇದ್ದು ಕ್ಲಬ್ ಒಪ್ಪಿದರೂ ಹಿಂದೆ ಕೂರಲು ಹೋಗಬೇಡಿ, ಇಂಟರ್‌ಕಾಮ್ ರೆಕಾರ್ಡಿಂಗ್ ಸಿಕ್ಕರೆ ಸಾಕು. ಆಮೇಲೆ ನಿಮಗೆ ಗೊತ್ತಿರುವ, ನಿಮ್ಮ ಗುಂಪಿನ ಡ್ರೈವರ್ ಒಬ್ಬರ ಪಕ್ಕ ಕೂತು ಒಂದು ಸೆಷನ್ ಮಾತಾಡಿ. ಹೊಟ್ಟೆ ಏನನ್ನುತ್ತದೆ, ಮಾತು ಮುಂದಿರುತ್ತದಾ, ಎರಡೂ ಅಲ್ಲೇ ತಿಳಿಯುತ್ತದೆ. ಅದು ಸರಿಹೋದರೆ ಇನ್‌ಸ್ಟ್ರಕ್ಟರ್ ಶಾಲೆಗೆ ಹೋಗಿ. ಒಳ್ಳೆಯ ಶಾಲೆಗಳಲ್ಲಿ ಹಿರಿಯರು ಬೇಕೆಂದೇ ಕೆಟ್ಟ ವಿದ್ಯಾರ್ಥಿಯ ವೇಷ ಹಾಕುತ್ತಾರೆ. ಮಾತು ಕೇಳುವುದಿಲ್ಲ, ಹಳದಿ ಫ್ಲ್ಯಾಗ್ ನೋಡುವುದಿಲ್ಲ, ಪಾಯಿಂಟ್ ಬೈ (ಹಿಂದಿನವರಿಗೆ ಮುಂದೆ ಹೋಗಿ ಅನ್ನುವ ಕೈಸನ್ನೆ) ಕೊಡುವುದಿಲ್ಲ, ಬ್ರೇಕ್ ತಡ ಮಾಡುತ್ತಾರೆ. ನೀವು ಸಿಟ್ಟಾಗುತ್ತೀರಾ, ಮೌನವಾಗುತ್ತೀರಾ, ಪಿಟ್‌ಗೆ ಕರೆಯುತ್ತೀರಾ ಅಂತ ನೋಡುತ್ತಾರೆ. ಶಾಲೆ ಮುಗಿಸಿದ ಮೇಲೂ ಬೇಡ ಅನ್ನುವ ಹಕ್ಕು ನಿಮ್ಮದೇ. ಇಂಥ ಶಾಲೆಯೇ ಇಲ್ಲದೆ "ಚೆನ್ನಾಗಿ ಓಡಿಸ್ತೀರಲ್ಲ, ನಾಳೆಯಿಂದ ಕೂತುಬಿಡಿ" ಅನ್ನುವ ಸಂಘಟಕರಾದರೆ ನನ್ನ ಉತ್ತರ ಬೇಡ ಅಂತಲೇ.

ಕಾರಿನೊಳಗೆ ಕೂರುವುದು ಬೇಡ ಅನ್ನಿಸಿದರೆ ಕಲಿಸಲು ಬೇರೆ ದಾರಿಗಳಿವೆ. ಕ್ಲಾಸ್‌ರೂಮ್ ಪಾಠ, ಕಾರುಗಳನ್ನು ಸಾಲಾಗಿ ಟ್ರ್ಯಾಕ್‌ಗೆ ಬಿಡುವ ಗ್ರಿಡ್, ತಾಂತ್ರಿಕ ತಪಾಸಣೆ, ಎಲ್ಲ ಕಡೆ ಜನ ಬೇಕು. ಅಮೆರಿಕದ ಎಸ್‌ಸಿಸಿಎ ಅನ್ನುವ ಕಾರ್ ಕ್ಲಬ್ ನಡೆಸುವ ಟ್ರ್ಯಾಕ್ ನೈಟ್‌ಗಳಲ್ಲಿ ಹೊಸಬರ ಪಕ್ಕ ಯಾರನ್ನೂ ಕೂರಿಸುವುದೇ ಇಲ್ಲ, ಕೋಚ್‌ಗಳು ಸೆಷನ್‌ಗಳ ನಡುವೆ ಹೊರಗಡೆಯೇ ಮಾತಾಡಿ ತಿದ್ದುತ್ತಾರೆ. ನಿಮ್ಮ ಮನೆಯ ಪರಿಸ್ಥಿತಿಗೆ ಸದ್ಯಕ್ಕೆ ಅದೇ ಹೊಂದಬಹುದು ಅಂತ ನನ್ನ ಅನಿಸಿಕೆ. ಒಂದು ಸೀಸನ್ ಹಾಗೆ ಕಲಿಸಿ ನೋಡಿದರೆ ನಿಮಗೆ ಬೇಕಾಗಿದ್ದು ಕಲಿಸುವುದಾ ಅಥವಾ ಫೀಸ್ ಇಲ್ಲದ ಲ್ಯಾಪ್‌ಗಳಾ ಅನ್ನುವುದೂ ಬಯಲಾಗುತ್ತದೆ.

ಹೆಲ್ಮೆಟ್ ವಿಷಯ. ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆ ಕಾರ್ ರೇಸಿನ ಹೆಲ್ಮೆಟ್‌ಗಳ ಎಸ್‌ಎ ದರ್ಜೆಯನ್ನು ಐದು ವರ್ಷಕ್ಕೊಮ್ಮೆ ಹೊಸದು ಮಾಡುತ್ತದೆ. 2015, 2020, ಈಗ 2025 ಬಂದಿದೆ. ಬಹುಪಾಲು ಕ್ಲಬ್‌ಗಳು ಸದ್ಯದ್ದನ್ನೂ ಅದರ ಹಿಂದಿನದನ್ನೂ ಒಪ್ಪುತ್ತವೆ. ಆದ್ದರಿಂದ ನಿಮ್ಮ 2015ರದ್ದು ಕೆಲವು ಕಡೆ ನಡೆದರೂ ಅದರ ಕಾಲ ಮುಗಿಯುತ್ತಿದೆ. ಹೊಸದು ಕೊಳ್ಳುವುದಾದರೆ ಎಸ್‌ಎ2025 ಕೊಳ್ಳಿ, ಎಂ ದರ್ಜೆಯದ್ದು ಬೇಡ, ಅದು ಬೈಕಿನದು, ಬೆಂಕಿಯ ಪರೀಕ್ಷೆ ಅದಕ್ಕಿಲ್ಲ. ಹಾನ್ಸ್ ಕೊಂಡಿ ಹಾಕಲು ಜಾಗ ಇದೆಯಾ ಅಂತ ನೋಡಿ, ಇಂಟರ್‌ಕಾಮ್‌ನ ಮೈಕ್ ಒಳಗೆ ಹಿಡಿಸುತ್ತದಾ ಅಂತ ಅಂಗಡಿಯಲ್ಲೇ ಹಾಕಿ ನೋಡಿ ತೆಗೆದುಕೊಳ್ಳಿ.